ಬೈರನ್ ವೈಟ್: ಆಟದಿಂದ ನೌಕಾಪಡೆಗೆ, ಅಲ್ಲಿಂದ ನ್ಯಾಯಪೀಠಕ್ಕೆ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಅಮೆರಿಕದ ಬೈರನ್ ವೈಟ್ ಅವರ ಬಗ್ಗೆ. ಕಾನೂನು ಓದುವವರಿಗೆ ಇವರು ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ 31 ವರ್ಷ ಕೂತ ನ್ಯಾಯಮೂರ್ತಿ. ಆಟದ ಹುಚ್ಚು ಇರುವವರಿಗೆ 1930ರ ದಶಕದ ದೊಡ್ಡ ಫುಟ್‌ಬಾಲ್ ಆಟಗಾರ. ನಡುವೆ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಅಧಿಕಾರಿ. ಮೂರೂ ಒಬ್ಬರೇ ಎಂದರೆ ಆಶ್ಚರ್ಯ ಆಗುತ್ತೆ, ಅಲ್ವಾ? ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಇನ್ನೊಂದು ವಿಷಯ. ಒಂದು ಕಡೆ ಗಳಿಸಿದ ಹೆಸರನ್ನು ಅವರು ಇನ್ನೊಂದು ಕಡೆ ಖರ್ಚು ಮಾಡಲಿಲ್ಲ. ಪ್ರತಿ ಸಲವೂ ಹೊಸಬರಂತೆ ಹೋಗಿ ನಿಂತರು.

ಅವರು ಹುಟ್ಟಿದ್ದು 1917ರಲ್ಲಿ, ಕೊಲರಾಡೋ ರಾಜ್ಯದಲ್ಲಿ. ಬೆಳೆದದ್ದು ವೆಲಿಂಗ್ಟನ್ ಎಂಬ ಸಣ್ಣ ಊರಲ್ಲಿ. ಸುತ್ತ ಸಕ್ಕರೆ ತೆಗೆಯುವ ಬೀಟ್ ಬೆಳೆಯುವ ಹೊಲಗಳು. ಅಪ್ಪ ಮರದ ವ್ಯಾಪಾರದ ಕಂಪನಿಯೊಂದರಲ್ಲಿ ಮ್ಯಾನೇಜರ್. ದುಡ್ಡು ಅಷ್ಟಕ್ಕಷ್ಟೆ. ಹುಡುಗರು ಹೊಲದಲ್ಲಿ ಕೂಲಿ ಮಾಡುತ್ತಲೇ ಓದಿದರು. ಶಾಲೆಗೆ ಮೊದಲು ಬಂದವರಿಗೆ ಕೊಲರಾಡೋ ವಿಶ್ವವಿದ್ಯಾಲಯ ಸ್ಕಾಲರ್‌ಷಿಪ್ ಕೊಡುತ್ತಿತ್ತು. ಅದು ಮೊದಲು ಅಣ್ಣನಿಗೆ ಸಿಕ್ಕಿತು, ಆಮೇಲೆ ತಮ್ಮ ಬೈರನ್‌ಗೆ. ಮುಂದೆ ಇಬ್ಬರೂ ರೋಡ್ಸ್ ಎಂಬ ಹೆಸರಾಂತ ಸ್ಕಾಲರ್‌ಷಿಪ್ ಪಡೆದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗೆ ಹೋದರು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟ ಅಲ್ಲ. ಚೆಂಡನ್ನು ಕೈಯಲ್ಲಿ ಅವುಚಿಕೊಂಡು, ಮೈಮೇಲೆ ಬೀಳುವವರನ್ನು ತಪ್ಪಿಸಿಕೊಂಡು ಓಡುವ ಆಟ. 1937ರಲ್ಲಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಹೀಗೆ ಅತಿ ಹೆಚ್ಚು ದೂರ ಓಡಿದವರು ವೈಟ್. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯಲ್ಲಿ ಎರಡನೇ ಸ್ಥಾನ ಬಂತು. 1938ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಸ್ಕೆಟ್‌ಬಾಲ್ ಫೈನಲ್ ಕೂಡ ಆಡಿದರು. ಡೆನ್ವರ್‌ನ ಪತ್ರಕರ್ತರೊಬ್ಬರು ಅವರಿಗೆ ‘ವಿಜ್ಜರ್’ ಎಂದು ಅಡ್ಡಹೆಸರು ಇಟ್ಟರು. ಆ ಹೆಸರು ಅವರಿಗೆ ಒಂಚೂರೂ ಹಿಡಿಸಲಿಲ್ಲ. ಆದರೆ ಅದು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಆಗಲೇ ಪಿಟ್ಸ್‌ಬರ್ಗ್ ತಂಡ ಒಂದು ಸೀಸನ್‌ಗೆ 15,800 ಡಾಲರ್ ಕೊಡುತ್ತೇವೆ ಎಂದಿತು. ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಅಲ್ಲಿಯವರೆಗೆ ಯಾರಿಗೂ ಅಷ್ಟು ಸಂಬಳ ಸಿಕ್ಕಿರಲಿಲ್ಲ. ಆಕ್ಸ್‌ಫರ್ಡ್‌ಗೆ ಸ್ವಲ್ಪ ತಡವಾಗಿ ಬರಲು ಒಪ್ಪಿಗೆ ಸಿಕ್ಕಿದ ಮೇಲೆ ಅವರು ಆಡಿದರು. 567 ಗಜ ಓಡಿ ಲೀಗ್‌ಗೇ ಮೊದಲಿಗರಾದರು. ಸೀಸನ್ ಮುಗಿದದ್ದೇ ತಡ, 1939ರ ಶುರುವಿನಲ್ಲಿ ಇಂಗ್ಲೆಂಡಿಗೆ ಹೋದರು. ಯುದ್ಧ ಶುರುವಾದ ಮೇಲೆ ವಾಪಸ್ ಬಂದು ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದರು. 1940 ಮತ್ತು 1941ರಲ್ಲಿ ಡೆಟ್ರಾಯಿಟ್ ತಂಡಕ್ಕೆ ಆಡಿದರು. ಓದಿನ ಖರ್ಚಿಗೆ ಆ ಸಂಬಳ ಬೇಕಿತ್ತು. ಮೂರೇ ಸೀಸನ್. ಆಮೇಲೆ ದುಡ್ಡಿಗೆಂದು ಆಡಲಿಲ್ಲ. ಆದರೆ ಆಟವನ್ನು ಬಿಡಲೂ ಇಲ್ಲ.

ಮರೀನ್ ಪಡೆಗೆ ಸೇರುವ ಆಸೆ ಇತ್ತು. ಬಣ್ಣಗಳನ್ನು ಗುರುತಿಸುವುದರಲ್ಲಿ ಕಣ್ಣಿನ ದೋಷ ಇದ್ದದ್ದರಿಂದ ಆಗಲಿಲ್ಲ. 1942ರಲ್ಲಿ ನೌಕಾಪಡೆಯ ಗುಪ್ತಚರ ವಿಭಾಗ ಸೇರಿ ಪೆಸಿಫಿಕ್ ಸಾಗರಕ್ಕೆ ಹೋದರು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮುಂದಿನ ನ್ಯಾಯಮೂರ್ತಿ ನನಗೆ ಕಾಣುವುದು ಇಲ್ಲೇ.

1943ರ ಆಗಸ್ಟ್ 2ರ ನಡುರಾತ್ರಿ ಕಳೆದ ಮೇಲೆ, ಸಾಲೋಮನ್ ದ್ವೀಪಗಳ ಹತ್ತಿರ, ಜಪಾನಿನ ಅಮಾಗಿರಿ ಎಂಬ ಯುದ್ಧನೌಕೆ ಅಮೆರಿಕದ ಸಣ್ಣ ಟಾರ್ಪೆಡೊ ದೋಣಿಯೊಂದಕ್ಕೆ ಗುದ್ದಿತು. ದೋಣಿ ಎರಡು ತುಂಡಾಯಿತು. ಅದರ ನಂಬರ್ 109. ಅದರಲ್ಲಿದ್ದ 13 ಜನರಲ್ಲಿ ಇಬ್ಬರು ಸತ್ತರು. ಉಳಿದ 11 ಜನ ಗಂಟೆಗಟ್ಟಲೆ ನೀರಲ್ಲಿದ್ದು, ಈಜಿ ಒಂದು ಪುಟ್ಟ ದ್ವೀಪ ಸೇರಿದರು. ದೋಣಿಯ ಕಮಾಂಡರ್ ಲೆಫ್ಟಿನೆಂಟ್ ಜಾನ್ ಕೆನಡಿ, ಮುಂದೆ ಅಧ್ಯಕ್ಷರಾದವರು. ಬದುಕಿ ಬಂದವರನ್ನು ಮಾತಾಡಿಸಿ, ನಡೆದದ್ದು ಏನು ಎಂದು ವರದಿ ಬರೆಯುವ ಕೆಲಸ ಇಬ್ಬರು ಅಧಿಕಾರಿಗಳಿಗೆ ಬಿತ್ತು. ಅವರಲ್ಲಿ ಒಬ್ಬರು ವೈಟ್.

ಯೋಚನೆ ಮಾಡಿ. 1939ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಕೆನಡಿಯ ಪರಿಚಯ ಆಗಿತ್ತು. ಪರಿಚಯದವನು, ಅದೂ ರಾಯಭಾರಿಯ ಮಗ. ಹೊಗಳಿ ಬರೆಯುವುದು ಸುಲಭವಿತ್ತು. ಯುದ್ಧಕಾಲದಲ್ಲಿ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಆದರೆ ಆ ವರದಿ ಸಾದಾ ಗದ್ಯದಲ್ಲಿದೆ. ದೋಣಿ ಯಾವ ಕಡೆ ಹೋಗುತ್ತಿತ್ತು, ಎಷ್ಟು ಹೊತ್ತಾಗಿತ್ತು, ಯಾರು ಎಲ್ಲಿ ಇದ್ದರು, ಆಮೇಲೆ ಏನು ಮಾಡಿದರು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ. ಕಾನೂನು ಕಲಿಯುವ ಮಕ್ಕಳಿಗೆ ನಾನು ಹೇಳುವುದು ಇಷ್ಟೆ: ವಾದ ಮಾಡುವುದನ್ನು ಆಮೇಲೆ ಕಲಿಯಿರಿ, ಮೊದಲು ಇಂಥ ಒಂದು ವರದಿ ಬರೆಯುವುದನ್ನು ಕಲಿಯಿರಿ. ಮುಕ್ಕಾಲು ಪಾಲು ಮೊಕದ್ದಮೆ ನಿಲ್ಲುವುದು, ಬೀಳುವುದು ಅಲ್ಲೇ.

1945ರ ಮೇ 11ರಂದು ಓಕಿನಾವಾ ಬಳಿ ಬಂಕರ್ ಹಿಲ್ ಎಂಬ ವಿಮಾನವಾಹಕ ನೌಕೆಗೆ ಎರಡು ಆತ್ಮಾಹುತಿ ವಿಮಾನಗಳು ಬಂದು ಬಡಿದವು. ಸುಮಾರು 400 ಜನ ಸತ್ತರು. ವೈಟ್ ಆ ಹಡಗಿನಲ್ಲೇ ಇದ್ದರು. ಯುದ್ಧ ಮುಗಿದಾಗ ಅವರ ಬಳಿ ಎರಡು ಕಂಚಿನ ನಕ್ಷತ್ರ ಪದಕ ಇದ್ದವು.

1946ರಲ್ಲಿ ಕಾನೂನು ಪದವಿ ಮುಗಿಯಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಫ್ರೆಡ್ ವಿನ್ಸನ್ ಅವರ ಬಳಿ ಒಂದು ವರ್ಷ ಲಾ ಕ್ಲರ್ಕ್, ಅಂದರೆ ತೀರ್ಪಿನ ಕೆಲಸದಲ್ಲಿ ನೆರವಾಗುವ ಕಾನೂನು ಸಹಾಯಕ, ಆಗಿದ್ದರು. ಆಮೇಲೆ ವಾಷಿಂಗ್ಟನ್‌ನಲ್ಲೋ ನ್ಯೂಯಾರ್ಕಿನಲ್ಲೋ ಉಳಿಯದೆ ಡೆನ್ವರ್‌ಗೆ ಬಂದು ವಕೀಲಿಕೆ ಶುರು ಮಾಡಿದರು. ಸುಮಾರು 14 ವರ್ಷ ಕಕ್ಷಿದಾರರ ಫೈಲು, ಕರಾರುಪತ್ರ, ಊರಿನ ಕೆಲಸ. ಹಳೆಯ ಆಟದ ಕಥೆ ಹೇಳಿಕೊಂಡು ಕಕ್ಷಿದಾರರನ್ನು ಸೆಳೆಯಬಹುದಿತ್ತು. ಹಾಗೆ ಮಾಡಲಿಲ್ಲ. ಅವರ ಬಗ್ಗೆ ಪದೇ ಪದೇ ಹೇಳುವ ಒಂದು ಪ್ರಸಂಗ ಇದೆ. ಹೋಟೆಲಿನಲ್ಲಿ ಊಟ ಬಡಿಸುವಾಕೆ, ‘ನೀವು ವಿಜ್ಜರ್ ವೈಟ್ ಅಲ್ವಾ?’ ಎಂದು ಕೇಳಿದಳಂತೆ. ‘ಆಗಿದ್ದೆ’ ಎಂದರಂತೆ ಇವರು.

ಕೆನಡಿ ಅಧ್ಯಕ್ಷರಾದ ಮೇಲೆ ವೈಟ್ ನ್ಯಾಯ ಇಲಾಖೆಯಲ್ಲಿ ಎರಡನೇ ಸ್ಥಾನಕ್ಕೆ ಬಂದರು. 1961ರ ಮೇ ತಿಂಗಳಲ್ಲಿ ಅಲಬಾಮಾದ ಮಾಂಟ್‌ಗಾಮರಿಯಲ್ಲಿ, ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಹೊರಟಿದ್ದ ಫ್ರೀಡಂ ರೈಡರ್‌ಗಳ ಮೇಲೆ ಗುಂಪೊಂದು ಬಿದ್ದು ಹೊಡೆಯಿತು. ಅವರ ರಕ್ಷಣೆಗೆ ಕಳಿಸಿದ ಫೆಡರಲ್ ಮಾರ್ಷಲ್‌ಗಳ ಉಸ್ತುವಾರಿಗೆ ಅಲ್ಲಿಗೆ ಹೋದವರು ಇವರೇ. ಮರುವರ್ಷ, 44ನೇ ವಯಸ್ಸಿಗೆ, ಸುಪ್ರೀಂ ಕೋರ್ಟಿಗೆ ಬಂದರು. ಅಲ್ಲೇ ಹಿಂದೆ ಕ್ಲರ್ಕ್ ಆಗಿದ್ದು ಮುಂದೆ ನ್ಯಾಯಮೂರ್ತಿಯಾದವರಲ್ಲಿ ಇವರೇ ಮೊದಲಿಗರು.

ಇವರ ತೀರ್ಪುಗಳಲ್ಲಿ ದೊಡ್ಡ ಸಿದ್ಧಾಂತ ಸಿಗುವುದಿಲ್ಲ. ಮುಂದೆ ಇರುವ ಪ್ರಕರಣ, ಅದರ ಸಂಗತಿ, ಅದಕ್ಕೆ ಉತ್ತರ. 1985ರ ಟೆನ್ನೆಸ್ಸೀ ವಿರುದ್ಧ ಗಾರ್ನರ್ ಪ್ರಕರಣ ನೋಡಿ. ಮೆಂಫಿಸ್‌ನಲ್ಲಿ 15 ವರ್ಷದ ಹುಡುಗ ಒಂದು ಮನೆಗೆ ನುಗ್ಗಿ ಓಡುತ್ತಿದ್ದ. ಕೈಯಲ್ಲಿ ಆಯುಧ ಕಾಣಲಿಲ್ಲ. ಬೇಲಿ ಹತ್ತುವಾಗ ಪೊಲೀಸ್ ಗುಂಡು ಹಾರಿಸಿದ, ಹುಡುಗ ಸತ್ತ. ಅಪಾಯ ಮಾಡದವನನ್ನು ಓಡುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಕೊಲ್ಲುವಂತಿಲ್ಲ ಎಂದು ವೈಟ್ ಬರೆದರು. ಇದು ಮನುಷ್ಯರ ಜೀವ ಉಳಿಸಿದ ತೀರ್ಪು ಎಂದೇ ನಾನು ನಂಬುತ್ತೇನೆ.

ಅದೇ ವೈಟ್ ಮರುವರ್ಷ ಬೋವರ್ಸ್ ವಿರುದ್ಧ ಹಾರ್ಡ್‌ವಿಕ್ ಪ್ರಕರಣದಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಎನ್ನುವ ಕಾನೂನನ್ನು ಎತ್ತಿ ಹಿಡಿದರು. ಆ ತೀರ್ಪು ತಪ್ಪು. ಅಷ್ಟು ಜನರ ನೋವು ಕಣ್ಣೆದುರು ಇದ್ದೂ ಅವರಿಗೆ ಕಾಣಲಿಲ್ಲ. ಅವರು ತೀರಿಕೊಂಡ ಮರುವರ್ಷ, 2003ರಲ್ಲಿ, ಅದೇ ಕೋರ್ಟ್ ಅದನ್ನು ತಳ್ಳಿಹಾಕಿತು. ಅವರನ್ನು ಮೆಚ್ಚುವವರು ಇದನ್ನು ಮುಚ್ಚಿಡಬಾರದು.

ಇನ್ನು ಆಟದ ಮಾತು. ಸುಪ್ರೀಂ ಕೋರ್ಟ್ ಕಟ್ಟಡದಲ್ಲಿ, ವಿಚಾರಣೆ ನಡೆಯುವ ಸಭಾಂಗಣದ ಮೇಲಿನ ಮಹಡಿಯಲ್ಲಿ, ಒಂದು ಬಾಸ್ಕೆಟ್‌ಬಾಲ್ ಅಂಕಣ ಇದೆ. ವೈಟ್ ಅಲ್ಲಿ ತಮ್ಮ ಮಕ್ಕಳ ವಯಸ್ಸಿನ ಕ್ಲರ್ಕ್‌ಗಳ ಜೊತೆ ಮೈಕೈ ತಾಗಿಸಿ ಜೋರಾಗಿಯೇ ಆಡುತ್ತಿದ್ದರು. ಪ್ರೇಕ್ಷಕರಿಲ್ಲ, ಸಂಬಳವಿಲ್ಲ. ಆಟ ಬೇಕಿತ್ತು, ಆಡಿದರು.

ಈ ಪ್ರೀತಿ ಒಮ್ಮೆ ತೀರ್ಪಿನಲ್ಲೂ ಬಂತು. ಕಾಲೇಜು ಫುಟ್‌ಬಾಲ್ ಪಂದ್ಯಗಳನ್ನು ಟಿವಿಯಲ್ಲಿ ಎಷ್ಟು ತೋರಿಸಬೇಕು ಎಂದು ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ ಮಿತಿ ಹಾಕಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಏಳು ನ್ಯಾಯಮೂರ್ತಿಗಳು ಈ ಮಿತಿ ವ್ಯಾಪಾರದ ಸ್ಪರ್ಧೆಗೆ ಅಡ್ಡಿ ಎಂದರು. ವೈಟ್ ಒಪ್ಪಲಿಲ್ಲ. ಕಾಲೇಜು ಆಟವನ್ನು ಬರೀ ಲಾಭದ ವ್ಯಾಪಾರ ಎಂದು ನೋಡುವುದೇ ತಪ್ಪು, ಅದು ಓದಿನ ಒಂದು ಭಾಗ ಎಂಬುದು ಅವರ ವಾದ. ನ್ಯಾಯಮೂರ್ತಿ ರೆಂಕ್ವಿಸ್ಟ್ ಒಬ್ಬರೇ ಅವರ ಜೊತೆ ನಿಂತರು.

ಮುಂದೆ ಟಿವಿ ಹಣ ಹರಿಯಿತು. ತರಬೇತುದಾರರ ಸಂಬಳ ಲಕ್ಷಗಟ್ಟಲೆ ಡಾಲರ್‌ಗೆ ಏರಿತು. ಆಡುವ ಹುಡುಗರಿಗೆ ಮಾತ್ರ ‘ನೀವು ಹವ್ಯಾಸಿಗಳು, ಸಂಬಳ ಕೇಳಬೇಡಿ’ ಎಂಬ ಉತ್ತರ. 2021ರಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದೇ ದನಿಯಲ್ಲಿ ಆಟಗಾರರ ಪರ ನಿಂತಿತು. ಓದಿಗೆ ಸಂಬಂಧಿಸಿದ ಸೌಲಭ್ಯಗಳಿಗೆ ಸಂಸ್ಥೆ ಮಿತಿ ಹಾಕುವಂತಿಲ್ಲ ಎಂದಿತು. ಆ ತೀರ್ಪು ಬರೆದವರು ನೀಲ್ ಗೋರ್ಸಚ್. ಅವರೂ ಕೊಲರಾಡೋದವರು. ನಿವೃತ್ತರಾದ ವೈಟ್ ಅವರ ಬಳಿಯೇ ಕ್ಲರ್ಕ್ ಆಗಿ ದುಡಿದವರು.

ನನ್ನ ಮಟ್ಟಿಗೆ ಇಬ್ಬರ ಮಾತಲ್ಲೂ ಸತ್ಯ ಇದೆ. ಆಟಕ್ಕೆ ಲಾಭದ ಆಚೆಗೂ ಬೆಲೆ ಇದೆ ಎಂದ ವೈಟ್ ಸರಿ. ಆದರೆ ಬಡ ಮನೆಯ ಬೈರನ್‌ಗೆ ಫೀಸು ಕಟ್ಟಲು ಆಟದ ದುಡ್ಡು ಬೇಕಾಗಿತ್ತು, ಅದನ್ನು ಅವರು ಮರ್ಯಾದೆಯಿಂದ ದುಡಿದು ತೆಗೆದುಕೊಂಡರು. ಇವತ್ತು ಮೊಣಕಾಲು ಮುರಿದುಕೊಂಡು ಆಡುವ ಹುಡುಗ ಹುಡುಗಿಯರಿಗೂ ಆ ಹಕ್ಕು ಇರಲೇಬೇಕು. ಇಲ್ಲಿ ಕೂತಿರುವ ಕ್ರೀಡಾಪಟುಗಳು ಇದನ್ನು ಒಪ್ಪುತ್ತೀರೋ ಇಲ್ಲವೋ, ಪ್ರಶ್ನೆಗಳಿದ್ದರೆ ಈಗ ಕೇಳಿ.