ಒಂದು ರಾತ್ರಿಯ ಬುಷ್‌ಕ್ರಾಫ್ಟ್ ಕ್ಯಾಂಪಿಗೆ ಸಾಮಾನಿನ ಗಂಟು ಕಟ್ಟುವ ಬಗೆ

ಎಲ್ಲರಿಗೂ ನಮಸ್ಕಾರ.

ಬುಷ್‌ಕ್ರಾಫ್ಟ್ ಅಂದರೆ ಸರಳ ಸಾಮಾನು ಮತ್ತು ಕಾಡಿನಲ್ಲಿ ಸಿಗುವುದನ್ನು ನೆಚ್ಚಿ ಅಲ್ಲಿ ಉಳಿಯುವ ಕೌಶಲ. ಹಾಗೆ ಹಳೇ ಕಾಲದ ಸಾಮಾನು ಹಿಡಿದು ಕಾಡಿನಲ್ಲಿ ಒಂದು ರಾತ್ರಿ ಕಳೆಯಬೇಕು ಅನ್ನುವ ಆಸೆ ನಿಮಗೆಲ್ಲ ಇದೆ, ಅದಕ್ಕೇ ಇಲ್ಲಿಗೆ ಬಂದಿದ್ದೀರಿ. ಸಾಮಾನ್ಯವಾಗಿ ಈ ಮಾತು ಶುರುವಾಗುವುದೇ ಯಾವ ಚಾಕು, ಯಾವ ಕೊಡಲಿ ಅಂತ. ನಾನು ಬೆಳಗಿನ ಜಾವದಿಂದ ಶುರು ಮಾಡುತ್ತೇನೆ. ರಾತ್ರಿಯಿಡೀ ನೆಲ ತನ್ನ ಬಿಸಿ ಬಿಡುತ್ತಾ ಬಂದಿರುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ಚಳಿ ಜೋರಾಗಿರುತ್ತದೆ, ಬೆಂಕಿ ಕೆಂಡಕ್ಕೆ ಇಳಿದಿರುತ್ತದೆ, ಎದ್ದು ಸೌದೆ ಹಾಕುವ ಮನಸ್ಸೂ ಇರುವುದಿಲ್ಲ. ಆ ಹೊತ್ತಿನಲ್ಲಿ ನಿಮ್ಮನ್ನು ಯಾವುದು ಕಾಯುತ್ತದೋ ಅದು ಮೊದಲು ಗಂಟಿಗೆ ಸೇರಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಹಾಗಾಗಿ ಮೊದಲು ಕಂಬಳಿ. ಅಪ್ಪಟ ಉಣ್ಣೆಯದ್ದು, ದಪ್ಪ ನೇಯ್ಗೆಯದ್ದು, ಸುಮಾರು 2 ಕಿಲೋ ತೂಗುವಂಥದ್ದು. ಭಾರ ಅಲ್ವಾ? ಹೌದು, ಸ್ಲೀಪಿಂಗ್ ಬ್ಯಾಗ್ ಇದರ ಅರ್ಧ ತೂಕಕ್ಕೆ ಇದಕ್ಕಿಂತ ಬೆಚ್ಚಗಿಡುತ್ತದೆ, ಅದನ್ನು ಒಪ್ಪಿಕೊಂಡೇ ಮಾತಾಡೋಣ. ಆದರೆ ಉಣ್ಣೆ ತನ್ನ ತೂಕದ ಸುಮಾರು 30% ನಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಒದ್ದೆಯಾದ ಮೇಲೂ ಸ್ವಲ್ಪ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಗುಣ ನನಗೆ ಇದಕ್ಕಿಂತ ದೊಡ್ಡದು. ಬೆಂಕಿಯಿಂದ ಕಿಡಿ ಹಾರಿ ನೈಲಾನ್ ಮೇಲೆ ಬಿದ್ದರೆ ಕರಗಿ ತೂತಾಗುತ್ತದೆ. ಉಣ್ಣೆಯ ಮೇಲೆ ಬಿದ್ದರೆ ಒಂದು ಚುಕ್ಕೆ ಕರಕಲಾಗಿ ಅಲ್ಲಿಗೇ ನಿಲ್ಲುತ್ತದೆ. ಬೆಂಕಿಯ ಪಕ್ಕದಲ್ಲೇ ಮಲಗುವವರಿಗೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಚಳಿ ಮೇಲಿನಿಂದ ಬರುತ್ತದೆ ಅಂತ ತಿಳಿದು ಎರಡನೇ ಕಂಬಳಿ ಹೊರುವವರಿದ್ದಾರೆ. ರಾತ್ರಿ ನಿಮ್ಮನ್ನು ನಡುಗಿಸುವುದು ಹೆಚ್ಚಾಗಿ ಕೆಳಗಿನ ನೆಲ. ಮೈ ನೆಲಕ್ಕೆ ತಾಗಿದ ಕಡೆಯೆಲ್ಲ ಬಿಸಿ ಸೋರಿ ಹೋಗುತ್ತಲೇ ಇರುತ್ತದೆ, ನಿಮ್ಮ ಭಾರಕ್ಕೆ ಕಂಬಳಿ ಚಪ್ಪಟೆಯಾಗಿ ಅದರೊಳಗಿನ ಗಾಳಿಯೂ ಹೋಗಿರುತ್ತದೆ. ಇದಕ್ಕೆ ಹಳಬರು ಕಂಡುಕೊಂಡ ದಾರಿ ಒಂದು ಖಾಲಿ ಚೀಲ. ಇಲ್ಲಿ ನೋಡಿ, ಇದು 2 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, ದಪ್ಪ ಹತ್ತಿ ಬಟ್ಟೆ, ಒಂದು ಕಡೆ ಬಾಯಿ, ಅದಕ್ಕೆ ಕಟ್ಟುವ ದಾರ. ಇಷ್ಟೇ. ಕ್ಯಾಂಪ್ ತಲುಪಿದ ಮೇಲೆ ಒಣ ತರಗೆಲೆಯನ್ನು ಕೋಲಿನಿಂದ ಕೆದಕಿ, ಕೊಡವಿ, ಇರುವೆ ಚೇಳು ಇಲ್ಲವೆಂದು ನೋಡಿಕೊಂಡು ತುಂಬಬೇಕು. ಇಷ್ಟು ಸಾಕು ಅನ್ನಿಸಿದಾಗ ನಿಲ್ಲಿಸಬೇಡಿ. ಉಬ್ಬಿದ ಚೀಲ ಮಲಗಿದ ಹತ್ತು ನಿಮಿಷಕ್ಕೆ ತೆಳ್ಳಗಾಗುತ್ತದೆ. ಗಟ್ಟಿಯಾಗಿ ತುರುಕಿ, ಒಮ್ಮೆ ಮೇಲೆ ಉರುಳಾಡಿ, ಮತ್ತೆ ತುಂಬಿ. ಹಸಿರೆಲೆ, ಹಸಿ ಕೊಂಬೆ ಕಡಿದು ಹಾಸುವ ಪದ್ಧತಿ ಹಳೇ ಪುಸ್ತಕಗಳಲ್ಲಿದೆ, ಅದನ್ನು ಅಲ್ಲೇ ಬಿಟ್ಟುಬಿಡಿ. ಒಂದು ರಾತ್ರಿಯ ನಿದ್ದೆಗೆ ಜೀವಂತ ಮರವನ್ನು ಬೋಳಿಸುವುದು ನನಗೆ ಖಂಡಿತ ಒಪ್ಪಿಗೆಯಿಲ್ಲ.

ತಲೆಯ ಮೇಲೆ ಸೂರಿನಂತೆ ಕಟ್ಟುವ ಹೊದಿಕೆಗೆ ಹತ್ತಿ ಕ್ಯಾನ್ವಾಸಿನ ಟಾರ್ಪ್, ಅಂದರೆ ಟಾರ್ಪಾಲು. ಒಬ್ಬರಿಗೆ 2 ಮೀಟರಿಗೆ 3 ಮೀಟರ್ ಸಾಕು. ಚದರ ಮೀಟರಿಗೆ 300 ಗ್ರಾಂ ಬಟ್ಟೆ ಅಂದರೆ 1.8 ಕಿಲೋ ಆಯಿತು. 3 ಮೀಟರಿಗೆ 3 ಮೀಟರ್ ತಗೊಂಡರೆ 2.7 ಕಿಲೋ, ಅದೂ ಒಣಗಿದ್ದಾಗ. ಒದ್ದೆಯಾದರೆ ಇನ್ನೂ ಭಾರ. ಮಳೆ ಬಿದ್ದಾಗ ಹತ್ತಿಯ ನೂಲು ಉಬ್ಬಿಕೊಂಡು ನೇಯ್ಗೆಯ ಸಂದುಗಳನ್ನು ಮುಚ್ಚುತ್ತದೆ, ಆಮೇಲೆ ನೀರು ಒಳಗೆ ಇಳಿಯದೆ ಮೇಲೇ ಹರಿದು ಹೋಗುತ್ತದೆ. ಆದರೆ ಒಳಗಡೆಯಿಂದ ಬೆರಳು ತಾಗಿಸಿದರೆ ಆ ಜಾಗದಲ್ಲೇ ತೊಟ್ಟಿಕ್ಕಲು ಶುರು. ಜೇನುಮೇಣ ಅಥವಾ ಅಗಸೆ ಎಣ್ಣೆ ಹಚ್ಚಿದರೆ ನೀರು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಬೆಂಕಿಯಿಂದ ದೂರ ಕಟ್ಟಬೇಕು. ಎಣ್ಣೆ ಹಚ್ಚುವವರಿಗೆ ಒಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಹೊರಗೆ ಒಣಗಿಸಿ. ಕೊಡಲಿಯ ಹಿಡಿಗೆ ಎಣ್ಣೆ ಹಚ್ಚಿದಾಗಲೂ ಅಷ್ಟೇ.

ಹಗ್ಗ ಸೆಣಬಿನದ್ದಾದರೆ ರಾತ್ರಿ ಇಬ್ಬನಿಗೆ ನೆನೆದು ಬಿಗಿಯಾಗುತ್ತದೆ, ಗೂಟವನ್ನೇ ಕಿತ್ತುಬಿಡಬಹುದು. ಮಲಗುವ ಮುಂಚೆ ಸ್ವಲ್ಪ ಸಡಿಲ ಬಿಡಿ. ನೈಲಾನ್ ಹಗ್ಗ ಇದಕ್ಕೆ ತದ್ವಿರುದ್ಧ, ಒದ್ದೆಯಾದರೆ ಜೋಲುತ್ತದೆ.

ಈಗ ಬೆಂಕಿಗೆ ಬರೋಣ. ಈ ವಿಷಯದಲ್ಲಿ ನನಗೆ ಯಾವಾಗಲೂ ನೆನಪಾಗುವುದು ಓಟ್ಜಿ. 1991ರಲ್ಲಿ ಆಲ್ಪ್ಸ್ ಪರ್ವತದಲ್ಲಿ, 3,210 ಮೀಟರ್ ಎತ್ತರದಲ್ಲಿ, ಹಿಮದೊಳಗೆ ಸಿಕ್ಕ ಮನುಷ್ಯ. ಸುಮಾರು 5,300 ವರ್ಷದ ಹಿಂದಿನವನು. ಅವನ ಸಾಮಾನೆಲ್ಲ ಈಗ ಇಟಲಿಯ ಬೊಲ್ಜಾನೊ ಮ್ಯೂಸಿಯಂನಲ್ಲಿದೆ. ತಾಮ್ರದ ಕೊಡಲಿ, ಅದಕ್ಕೆ ಸುಮಾರು 60 ಸೆಂಟಿಮೀಟರ್ ಉದ್ದದ ಮರದ ಹಿಡಿ. ಕಲ್ಲಿನ ಅಲಗಿನ ಪುಟ್ಟ ಚೂರಿ. ಸೊಂಟದ ಚೀಲದಲ್ಲಿ ಕಲ್ಲಿನ ಉಪಕರಣಗಳು, ಮೂಳೆಯ ದಬ್ಬಳ, ಕಿಡಿ ಹಿಡಿಯುವ ಒಣ ಅಣಬೆ. ಬರ್ಚ್ ಮರದ ತೊಗಟೆಯಿಂದ ಮಾಡಿದ ಎರಡು ಡಬ್ಬಿ, ಅದರಲ್ಲೊಂದರಲ್ಲಿ ಮೇಪಲ್ ಎಲೆ, ಎಲೆಯ ಜೊತೆ ಇದ್ದಿಲಿನ ಚೂರು. ಅಂದರೆ ಕೆಂಡವನ್ನು ಎಲೆಯಲ್ಲಿ ಸುತ್ತಿ ಹೊತ್ತು ನಡೆಯುತ್ತಿದ್ದ ಅಂತ ಸಂಶೋಧಕರು ಹೇಳುತ್ತಾರೆ. ಈ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಗಂಟನ್ನು ನೋಡಿ. ಕಡಿಯಲು ಒಂದು, ಕೊಯ್ಯಲು ಒಂದು, ಬೆಂಕಿಗೆ ಎರಡು ದಾರಿ, ಹರಿದದ್ದನ್ನು ಹೊಲಿಯಲು ಒಂದು. ಲೋಹ ಬದಲಾಗಿದೆ, ಕೆಲಸ ಬದಲಾಗಿಲ್ಲ.

ಚಕಮಕಿ ಕಲ್ಲು ಮತ್ತು ಉಕ್ಕು ತರುವವರು ತಿಳಿದಿರಬೇಕಾದದ್ದು, ಕಿಡಿ ಬರುವುದು ಉಕ್ಕಿನಿಂದ. ಕಲ್ಲಿನ ಚೂಪು ಅಂಚು ಉಕ್ಕನ್ನು ಸಣ್ಣಗೆ ಹೆರೆಯುತ್ತದೆ, ಆ ಪುಡಿ ಗಾಳಿಯಲ್ಲಿ ಉರಿಯುತ್ತದೆ. ಅದಕ್ಕೆ ಕಲ್ಲಿನ ಅಂಚು ಮೊಂಡಾಗಿದ್ದರೆ ಎಷ್ಟು ಬಡಿದರೂ ಅಷ್ಟೇ. ಆ ಕಿಡಿ ನೇರವಾಗಿ ಹುಲ್ಲಿಗೆ ಬಿದ್ದರೆ ಏನೂ ಆಗುವುದಿಲ್ಲ. ಕರಕಲು ಬಟ್ಟೆ ಬೇಕು. ಹಳೇ ಹತ್ತಿ ಬಟ್ಟೆಯ ತುಂಡುಗಳನ್ನು ತಗಡಿನ ಡಬ್ಬಿಗೆ ಹಾಕಿ, ಮುಚ್ಚಳದಲ್ಲಿ ಮೊಳೆಯಷ್ಟು ತೂತು ಮಾಡಿ, ಕೆಂಡದ ಮೇಲಿಡಿ. ತೂತಿನಿಂದ ಹೊಗೆ ಬರುತ್ತದೆ. ಹೊಗೆ ನಿಂತಾಗ ಕೆಳಗಿಳಿಸಿ. ಪೂರ್ತಿ ಆರುವ ತನಕ ಮುಚ್ಚಳ ತೆಗೆಯಬಾರದು, ಬಿಸಿಯಿದ್ದಾಗ ಗಾಳಿ ತಾಗಿದರೆ ಬಟ್ಟೆ ಅಲ್ಲೇ ಬೂದಿ. ಅದೇ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ಹೋಗಿ. ಇದರ ಜೊತೆ ಫೆರೋ ಕಡ್ಡಿಯೂ ಇರಲಿ, ಅಂದರೆ ಕೆರೆದರೆ ಕಿಡಿ ಉದುರಿಸುವ ಲೋಹದ ಕಡ್ಡಿ, 1903ರಲ್ಲಿ ಕಾರ್ಲ್ ಔಯರ್ ಫಾನ್ ವೆಲ್ಸ್‌ಬಾಖ್ ಕಂಡುಹಿಡಿದ ಮಿಶ್ರಲೋಹ ಅದು, ನೂರು ವರ್ಷ ದಾಟಿದೆ, ಹಳೇ ಸಾಮಾನೇ ಅಂದುಕೊಳ್ಳಿ. ಅದರ ಕಿಡಿ ಇನ್ನೂ ಬಿಸಿ. ಒಂದು ಬೆಂಕಿಪೊಟ್ಟಣವೂ ಮೇಣದ ಬಟ್ಟೆಯಲ್ಲಿ ಸುತ್ತಿ ಮೈಮೇಲಿನ ಜೇಬಿನಲ್ಲಿರಲಿ. ನೆನೆದು ಕೈ ಮರಗಟ್ಟಿದಾಗ ಚಕಮಕಿ ಬಡಿಯಲು ಬೆರಳು ಮಡಚಲಿಕ್ಕೇ ಬರುವುದಿಲ್ಲ.

ಚಾಕು ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಡಚದ ಚಾಕು, ಅಲಗು ಸುಮಾರು 10 ಸೆಂಟಿಮೀಟರ್, ಕಾರ್ಬನ್ ಉಕ್ಕು, ಗಟ್ಟಿ ಒರೆ, ಜೊತೆಗೆ ಬೆರಳುದ್ದದ ಸಾಣೆ ಕಲ್ಲು. ಕೊಡಲಿ ಒಟ್ಟು ಒಂದು ಕಿಲೋ ಆಸುಪಾಸು ಇದ್ದರೆ ಸಾಕು. ಚಿಕ್ಕ ಕೊಡಲಿ ದೊಡ್ಡದಕ್ಕಿಂತ ಕಮ್ಮಿ ಅಪಾಯ ಅನ್ನುವುದು ತಪ್ಪು ತಿಳಿವಳಿಕೆ. ಉದ್ದ ಹಿಡಿಯ ಕೊಡಲಿ ಗುರಿ ತಪ್ಪಿದರೆ ನೆಲಕ್ಕೆ ಬೀಳುತ್ತದೆ, ಗಿಡ್ಡ ಹಿಡಿಯದ್ದು ಸುತ್ತಿಕೊಂಡು ನಿಮ್ಮ ಮೊಣಕಾಲಿಗೇ ಬರುತ್ತದೆ. ಆದ್ದರಿಂದ ಮಂಡಿಯೂರಿ ಕೂತು, ಕೆಳಗೆ ಮರದ ತುಂಡು ಇಟ್ಟುಕೊಂಡು ಸೀಳಿ. ನನ್ನನ್ನು ಕೇಳಿದರೆ, ಕೊಡಲಿ ಗರಗಸ ಎರಡರಲ್ಲಿ ಒಂದೇ ಅಂದರೆ ಗರಗಸವೇ ಸರಿ. ದಣಿದ ಸಂಜೆಯಲ್ಲಿ ಗರಗಸ ಕಮ್ಮಿ ಶ್ರಮಕ್ಕೆ ಹೆಚ್ಚು ಸೌದೆ ಕೊಡುತ್ತದೆ, ಬೆರಳೂ ಉಳಿಯುತ್ತವೆ. ಬರೀ ಅಲಗನ್ನು ಪಾತ್ರೆಯೊಳಗೆ ಸುರುಳಿ ಸುತ್ತಿ ಒಯ್ದು, ಅಲ್ಲಿ ಬಿದ್ದಿರುವ ಕೋಲಿನಿಂದ ಚೌಕಟ್ಟು ಮಾಡಿಕೊಂಡು ಹುರಿ ತಿರುಚಿ ಬಿಗಿ ಮಾಡುವ ಪದ್ಧತಿಯೂ ಚೆನ್ನಾಗಿದೆ. ಆದರೆ ಕತ್ತಲಾಗುವ ಮುಂಚೆ ಅಷ್ಟು ಹೊತ್ತು ಇರಬೇಕು.

ಪಾತ್ರೆ ಒಂದೇ ಸಾಕು, ನೇತುಹಾಕಲು ಬಳೆಯಂಥ ಹಿಡಿ ಇರುವಂಥದ್ದು. ಮಸಿ ಹಿಡಿಯುತ್ತದೆ, ಅದಕ್ಕೊಂದು ಬಟ್ಟೆ ಚೀಲ. ಒಂದೇ ಪದರದ ಸ್ಟೀಲ್ ಬಾಟಲಿಯಾದರೆ ಮುಚ್ಚಳ ತೆಗೆದು ಅದರಲ್ಲೇ ನೀರು ಕಾಯಿಸಬಹುದು. ಎರಡು ಪದರದ ಬಾಟಲಿಯನ್ನು ಎಂದೂ ಬೆಂಕಿಗೆ ಇಡಬೇಡಿ, ಮಧ್ಯದ ಗಾಳಿ ಹಿಗ್ಗಿ ಒಡೆಯಬಹುದು. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ, 2,000 ಮೀಟರಿಗಿಂತ ಎತ್ತರದ ಜಾಗದಲ್ಲಿ 3 ನಿಮಿಷ ಕುದಿಸಿ.

ಇನ್ನು ಕಟ್ಟುವ ಕೆಲಸ. ಚಿತ್ರಗಳಲ್ಲಿ ಟಾರ್ಪಿನೊಳಗೆ ಕಂಬಳಿ ಸುತ್ತಿ ಎರಡು ಕಡೆ ಹಗ್ಗ ಬಿಗಿದ ಸುರುಳಿ ಕಾಣುತ್ತದೆ. ನೋಡಲು ಚೆಂದ. ಆದರೆ ಮಳೆಯಲ್ಲಿ ಕ್ಯಾಂಪ್ ತಲುಪಿದಿರಿ ಅಂದುಕೊಳ್ಳಿ. ಮೊದಲು ಬೇಕಾದದ್ದು ಟಾರ್ಪ್. ಅದನ್ನು ಬಿಚ್ಚಿದ ಕೂಡಲೇ ಕಂಬಳಿ ಮಳೆಗೆ ಬೀಳುತ್ತದೆ! ಅದಕ್ಕೇ ನಾನು ಕಂಬಳಿಯನ್ನು ಆ ಖಾಲಿ ಚೀಲದೊಳಗೆ ತುಂಬುತ್ತೇನೆ. ಮಲಗುವಾಗ ಮಾತ್ರ ಹಾಕುವ ಒಣ ಉಣ್ಣೆ ಕಾಲುಚೀಲ, ಟೋಪಿಯೂ ಅದರೊಳಗೇ. ಚೀಲದ ಬಾಯಿ ಕಟ್ಟಿ, ಉಳಿದ ಉದ್ದವನ್ನು ಮಡಚಿ ಸುತ್ತಿ ಗಟ್ಟಿ ಸುರುಳಿ ಮಾಡಬೇಕು, ಮೊಣಕಾಲೂರಿ ಗಾಳಿ ಹೊರಗೆ ಹಾಕುತ್ತಾ. ಆಮೇಲೆ ಅದರ ಹೊರಗೆ ಟಾರ್ಪ್, ಕೊನೆಯ ಅಂಚು ಕೆಳಮುಖವಾಗಿರಲಿ, ನೀರು ಒಳಗೆ ನುಗ್ಗಬಾರದು. ಟಾರ್ಪ್ ಬಿಚ್ಚಿದರೂ ಚೀಲ ಮುಚ್ಚಿಯೇ ಇರುತ್ತದೆ, ಮೊದಲು ಕಟ್ಟಿದ ಹೊದಿಕೆಯ ಕೆಳಗೆ ಅದನ್ನು ತಳ್ಳಿದರೆ ಮುಗಿಯಿತು. ಸುರುಳಿಯ ಎರಡು ಕಡೆ ಹಗ್ಗ ಬಿಗಿದು, ಆ ಎರಡು ಕಟ್ಟುಗಳ ನಡುವೆ ಹೆಗಲಿಗೆ ಪಟ್ಟಿ, ಕನಿಷ್ಠ 5 ಸೆಂಟಿಮೀಟರ್ ಅಗಲದ್ದು. ಬರೀ ಹಗ್ಗ ಹಾಕಿದರೆ ಒಂದು ಗಂಟೆಯಲ್ಲಿ ಹೆಗಲು ಕೊಯ್ಯುತ್ತದೆ. ಕೊಡಲಿ, ಪಾತ್ರೆ, ನೀರು ಸುರುಳಿಯೊಳಗೆ ಬೇಡ, ಪಕ್ಕದ ಕೈಚೀಲದಲ್ಲಿ. ಬೆಂಕಿಯ ಡಬ್ಬಿ ಆ ಕೈಚೀಲದಲ್ಲಿ ಎಲ್ಲಕ್ಕಿಂತ ಮೇಲೆ.

ಪ್ರಥಮ ಚಿಕಿತ್ಸೆಯ ಪೊಟ್ಟಣ, ತಲೆಗೆ ಕಟ್ಟುವ ಟಾರ್ಚ್, ಸೀಟಿ, ಫೋನ್, ಇವು ಹಳೇ ಪದ್ಧತಿಗೆ ಸೇರಿಲ್ಲ ಅಂತ ಬಿಟ್ಟು ಹೋಗುವುದನ್ನು ನಾನು ಒಪ್ಪುವುದಿಲ್ಲ. ಗಾಯಕ್ಕೆ ಹಳತು ಹೊಸತು ಅಂತಿಲ್ಲ. ಸೀಟಿ ಮೂರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ, ಜೊತೆಗಿರುವವರಿಗೂ ಹೇಳಿಕೊಡಿ. ಹೋಗುವ ಜಾಗ, ವಾಪಸ್ ಬರುವ ಹೊತ್ತು ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೊರಡಿ. ಅಲ್ಲಿ ಬೆಂಕಿ ಹಾಕಲು, ರಾತ್ರಿ ತಂಗಲು ಅನುಮತಿ ಇದೆಯೋ ಇಲ್ಲವೋ ಅದನ್ನೂ ಮುಂಚೆಯೇ ಕೇಳಿಕೊಳ್ಳಿ. ಬೆಂಕಿಗೆ ಅನುಮತಿ ಇಲ್ಲದಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ, ಆಗ ಕೊಡಲಿ ಮನೆಯಲ್ಲಿಟ್ಟು ಆ ತೂಕಕ್ಕೆ ಎರಡನೇ ಕಂಬಳಿ ಹೊತ್ತುಕೊಳ್ಳಿ.

ವಾಪಸ್ ಬಂದ ದಿನವೇ ಗಂಟು ಬಿಚ್ಚಬೇಕು. ಒದ್ದೆ ಕ್ಯಾನ್ವಾಸನ್ನು ಸುತ್ತಿಟ್ಟರೆ ಬೂಷ್ಟು ಹಿಡಿದು ಬಟ್ಟೆ ಪಿಸಿಯುತ್ತದೆ. ಕಂಬಳಿಯನ್ನು ಹೊರಗೆ ಗಾಳಿಗೆ ಹಾಕಿ, ಚಾಕು ಒರೆಯಿಂದ ತೆಗೆದು ಒರೆಸಿ ಎಣ್ಣೆ ಹಚ್ಚಿ, ತರಗೆಲೆಯ ಚೂರು ಚೀಲದ ಮೂಲೆಯಲ್ಲಿ ಉಳಿಯದಂತೆ ಒಳಮುಖ ಹೊರಗೆ ಮಾಡಿ ಕೊಡವಿ.

ನನ್ನ ಮಾತು ಇಷ್ಟೇ. ಈಗ ಈ ಸುರುಳಿಯನ್ನು ಇಲ್ಲೇ ಬಿಚ್ಚುತ್ತೇನೆ, ಹತ್ತಿರ ಬನ್ನಿ, ನಿಮ್ಮಲ್ಲಿ ಇಬ್ಬರು ಅದನ್ನು ಮತ್ತೆ ಕಟ್ಟಿ ನೋಡಿ. ಪ್ರಶ್ನೆಗಳನ್ನು ಕಟ್ಟುತ್ತಲೇ ಕೇಳಿ.