ಬಾನೆಟ್ ಸಾಕ್ಷಿ ಹೇಳುತ್ತದೆ

ಎಲ್ಲರಿಗೂ ನಮಸ್ಕಾರ. ಫೋಟೋ ಸ್ಪರ್ಧೆಯ ಫಲಿತಾಂಶ ಆಗಲೇ ಗೋಡೆ ಮೇಲೆ ಬಂದಿದೆ. ಗೆದ್ದವರು ಕಾಫಿ ಕುಡಿಯುತ್ತಿದ್ದಾರೆ, ಉಳಿದವರು ನನ್ನನ್ನು ನೋಡುತ್ತಿದ್ದಾರೆ. ತೀರ್ಪು ಕೊಟ್ಟವನನ್ನೇ ಭಾಷಣಕ್ಕೂ ನಿಲ್ಲಿಸುವುದು ಧೈರ್ಯದ ಕೆಲಸ. ಆ ಧೈರ್ಯ ಮಾಡಿದ ನಿಮ್ಮ ಬಳಗಕ್ಕೆ ಥ್ಯಾಂಕ್ಸ್.

ಹಳೆಯ ಸ್ಪೋರ್ಟ್ಸ್ ಕಾರುಗಳ ಫೋಟೋ, ಅದರ ಎಡಿಟಿಂಗ್ ಬಗ್ಗೆ ಮಾತಾಡಿ ಅಂದರು. ತಯಾರಿ ಮಾಡಿಕೊಂಡು ಬಂದಿದ್ದೆ. ಆದರೆ ನಿಮ್ಮ ಚಿತ್ರಗಳನ್ನು ನೋಡಿದ ಮೇಲೆ ಒಂದೇ ವಿಷಯ ತಲೆಯಲ್ಲಿ ಕೂತಿದೆ. ಒಂದು ಚಿತ್ರದಲ್ಲಿ ಕೆಂಪು ಕಾರು. ಹಿಂದೆ ಹಿಮದ ಬೆಟ್ಟ, ಸಂಜೆ ಬೆಳಕು, ತಿರುವು ರಸ್ತೆ. ಚೆಂದ ಇದೆ. ಹತ್ತಿರ ಹೋಗಿ ಬಾನೆಟ್ ನೋಡಿದರೆ ಅದರ ಪ್ರತಿಬಿಂಬದಲ್ಲಿ ಶಾಮಿಯಾನ! ಪಕ್ಕದಲ್ಲಿ ತೆಂಗಿನ ಮರ! ಆಲ್ಪ್ಸ್ ಬೆಟ್ಟದಲ್ಲಿ ತೆಂಗಿನ ಮರ ಬೆಳೆಸಿದವರು ಯಾರು ಅಂತ ಹೇಳಲ್ಲ. ಮೂರನೇ ಸಾಲಿನಲ್ಲಿ ಒಬ್ಬರು ತಲೆ ತಗ್ಗಿಸಿದರು, ಅಷ್ಟು ಸಾಕು.

ನಾನು ಎಡಿಟಿಂಗ್ ಬೇಡ ಅನ್ನುವವನಲ್ಲ. ಬ್ಯಾಕ್‌ಗ್ರೌಂಡ್ ಬದಲಿಸಿ, ಬಣ್ಣ ಬದಲಿಸಿ, ಹಗಲನ್ನು ರಾತ್ರಿ ಮಾಡಿ. ನನ್ನ ತಕರಾರು ಒಂದೇ. ನೀವು ಚಿತ್ರದಲ್ಲಿ ಏನೇ ಮಾಡಿದರೂ ಅದಕ್ಕೊಂದು ಕಾರಣ ಇರಬೇಕು, ಆ ಕಾರಣ ಕಾರಿನ ಮೈ ಮೇಲೆ ಕಾಣಬೇಕು. ಕಾಣದಿದ್ದರೆ ನೋಡುವವರಿಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ಏನು ಅಂತ ಹೇಳೋಕೆ ಬರದೇ ಇರಬಹುದು. ಆದರೆ ಬಾನೆಟ್ ಸಾಕ್ಷಿ ಹೇಳುತ್ತದೆ.

ಜಗತ್ತಿನಲ್ಲಿ ಅತಿ ಹೆಸರಾದ ರೇಸ್ ಕಾರಿನ ಫೋಟೋ ಯಾವುದು? ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಫ್ರಾನ್ಸಿನ ಝಾಕ್ ಆನ್ರಿ ಲಾರ್ಟೀಗ್ ತೆಗೆದದ್ದು. ಹುಟ್ಟಿದ್ದು 1894ರಲ್ಲಿ, ಅನುಕೂಲಸ್ಥರ ಮನೆಯ ಹುಡುಗ. ಚಿಕ್ಕವನಿದ್ದಾಗಲೇ ಅಪ್ಪ ಕ್ಯಾಮೆರಾ ಕೊಡಿಸಿದ್ದರು. ಹದಿಹರೆಯ ದಾಟುವ ವಯಸ್ಸಿನಲ್ಲಿ ಫ್ರೆಂಚ್ ಗ್ರ್ಯಾನ್ ಪ್ರೀ ಕಾರ್ ರೇಸ್ ನೋಡೋಕೆ ಹೋಗಿ ರಸ್ತೆ ಬದಿ ನಿಂತಿದ್ದಾನೆ. ಕೈಯಲ್ಲಿ ಗಾಜಿನ ಪ್ಲೇಟ್ ಹಾಕುವ ಕ್ಯಾಮೆರಾ. ಕಾರು ಬಂತು. ಹುಡುಗ ಕ್ಯಾಮೆರಾವನ್ನು ಕಾರಿನ ಜೊತೆ ತಿರುಗಿಸಿದ. ಆದರೆ ಕಾರಿನ ವೇಗ ಸಿಗಲಿಲ್ಲ. ಮುಂಭಾಗ ಫ್ರೇಮಿನಿಂದ ಆಚೆ ಹೋಗಿಬಿಟ್ಟಿದೆ. ಉಳಿದದ್ದು ಹಿಂದಿನ ಚಕ್ರ, ಡ್ರೈವರ್, ಪಕ್ಕದಲ್ಲಿ ಮೆಕ್ಯಾನಿಕ್, ದೊಡ್ಡದಾಗಿ 6 ಅನ್ನುವ ನಂಬರ್.

ಈಗ ನೋಡಿ ಮಜಾ. ಚಕ್ರ ದುಂಡಗಿಲ್ಲ, ಮೊಟ್ಟೆ ಥರ ಮುಂದಕ್ಕೆ ವಾಲಿದೆ. ರಸ್ತೆ ಬದಿ ನಿಂತ ಜನ, ಕಂಬ ಎಲ್ಲ ಹಿಂದಕ್ಕೆ ವಾಲಿವೆ. ಯಾಕೆ? ಆ ಕ್ಯಾಮೆರಾದ ಶಟರ್ ಅಂದರೆ ಸೀಳು ಇರುವ ಒಂದು ಪರದೆ. ಸೀಳು ಮೇಲಿಂದ ಕೆಳಗೆ ಹೋಗುತ್ತ ಪ್ಲೇಟಿಗೆ ಸ್ವಲ್ಪ ಸ್ವಲ್ಪವೇ ಬೆಳಕು ಬಿಡುತ್ತದೆ. ಕ್ಯಾಮೆರಾ ಒಳಗೆ ಚಿತ್ರ ತಲೆಕೆಳಗು, ಅಲ್ವಾ? ಹಾಗಾಗಿ ನೆಲ ಮೊದಲು ದಾಖಲಾಯಿತು, ಚಕ್ರದ ಮೇಲ್ಭಾಗ ಆಮೇಲೆ. ಆ ಚೂರು ಸಮಯದಲ್ಲಿ ಕಾರು ಫ್ರೇಮಿನಲ್ಲಿ ಮುಂದೆ ಸರಿದಿತ್ತು, ಹಾಗಾಗಿ ಅದು ಮುಂದಕ್ಕೆ ವಾಲಿತು. ಕ್ಯಾಮೆರಾ ತಿರುಗುತ್ತಿದ್ದರಿಂದ ಜನ ಫ್ರೇಮಿನಲ್ಲಿ ಹಿಂದೆ ಸರಿದಿದ್ದರು, ಅವರು ಹಿಂದಕ್ಕೆ ವಾಲಿದರು. ಎರಡು ವಾಲುವಿಕೆಗೂ ಒಂದೇ ಕಾರಣ.

ಲಾರ್ಟೀಗ್ ಅದನ್ನು ಕೆಟ್ಟುಹೋದ ಫೋಟೋ ಅಂತ ವರ್ಷಗಟ್ಟಲೆ ಬದಿಗಿಟ್ಟರು. 1963ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಚಿತ್ರಗಳ ಪ್ರದರ್ಶನ ಮಾಡಿತು. ಜಗತ್ತಿಗೆ ಅವರ ಹೆಸರು ಗೊತ್ತಾದಾಗ ವಯಸ್ಸು ಎಪ್ಪತ್ತರ ಹತ್ತಿರ. ಸ್ಪರ್ಧೆಯಲ್ಲಿ ಸೋತವರು ಇದನ್ನು ಗಮನಿಸಿ.

ಇನ್ನೊಂದು ತಮಾಷೆ. ಅವರು ಆ ಚಿತ್ರಕ್ಕೆ ಡೆಲಾಜ್ ಕಾರು, 1912 ಅಂತ ಬರೆದಿಟ್ಟಿದ್ದರು. ಎಷ್ಟೋ ಪುಸ್ತಕಗಳಲ್ಲಿ ಹಾಗೇ ಬಂತು. ಆಮೇಲೆ ಹುಡುಕಿದವರು ಹೇಳಿದ್ದು ಬೇರೆ. ಅದು ಟೆಯೊಡೋರ್ ಶ್ನೈಡರ್ ಕಂಪನಿಯ ಕಾರು, ಪಂದ್ಯ 1913ರದ್ದು. ತೆಗೆದವರ ಬರಹ ತಪ್ಪಿತ್ತು, ಕಾರು ತಪ್ಪು ಹೇಳಲಿಲ್ಲ. ಆ ಫೋಟೋದಲ್ಲಿ ಬಾನೆಟ್ಟೇ ಇಲ್ಲ ಸಾರ್ ಅನ್ನಬೇಡಿ. ಬಾನೆಟ್ ಇಲ್ಲದಿದ್ದರೆ ಹಿಂಭಾಗ ಸಾಕ್ಷಿ ಹೇಳುತ್ತದೆ!

ನಿಮ್ಮ ಫೋನಿನಲ್ಲೂ ಇದು ಆಗುತ್ತದೆ. ಸೆನ್ಸರ್ ಸಾಲು ಸಾಲಾಗಿ ಓದುತ್ತದೆ, ಅದಕ್ಕೇ ಓಡುವ ಬಸ್ಸು ವಾರೆಯಾಗಿ ಬರುತ್ತದೆ. ಫೋನನ್ನು ಅಡ್ಡ ಹಿಡಿದು ಒಮ್ಮೆ, ಅದನ್ನೇ ತಲೆಕೆಳಗೆ ಮಾಡಿ ಇನ್ನೊಮ್ಮೆ ತೆಗೆಯಿರಿ, ವಾಲುವ ದಿಕ್ಕು ಬದಲಾಗುತ್ತದೆ. ಪುಕ್ಕಟೆ ಪ್ರಯೋಗ. ಸ್ಟಾಪಿನಲ್ಲಿ ನಿಂತವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಸರಿ, ನನಗೆ ಇಷ್ಟದ ಕಾರಿಗೆ ಬರುತ್ತೇನೆ. ಬ್ರಿಟನ್ನಿನ ಸ್ಪೋರ್ಟ್ಸ್ ಕಾರು, ಜಾಗ್ವಾರ್ ಇ-ಟೈಪ್. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಬಿಡುಗಡೆ. ಒಂದು ಕಾರನ್ನು ಕಂಪನಿಯ ಬಾಬ್ ಬೆರಿ ಇಂಗ್ಲೆಂಡಿನ ಕೊವೆಂಟ್ರಿಯಿಂದ ಓಡಿಸಿಕೊಂಡು ಸಮಯಕ್ಕೆ ಸರಿಯಾಗಿ ತಲುಪಿಸಿದರು. ಕೂತು ನೋಡಬೇಕು ಅನ್ನುವವರ ಸಾಲು ಎಷ್ಟಾಯಿತೆಂದರೆ ಒಂದು ಕಾರು ಸಾಲಲಿಲ್ಲ. ಟೆಸ್ಟ್ ಡ್ರೈವರ್ ನಾರ್ಮನ್ ಡ್ಯೂಯಿಸ್‌ಗೆ ಫೋನ್ ಹೋಯಿತು, ಅವರು ರಾತ್ರಿಯಿಡೀ ಓಡಿಸಿ ಇನ್ನೊಂದನ್ನು ತಂದರು. ಆ ಆಕಾರ ಮಾಡಿದವರು ಮಾಲ್ಕಮ್ ಸೇಯರ್. ವಿಮಾನ ಕಂಪನಿಯಿಂದ ಬಂದವರು, ಗಾಳಿಯ ಲೆಕ್ಕ ಹಾಕಿ ಗೆರೆ ಎಳೆದವರು. ನ್ಯೂಯಾರ್ಕಿನ ಅದೇ ಮ್ಯೂಸಿಯಂ 1996ರಲ್ಲಿ ಒಂದು ನೀಲಿ ಇ-ಟೈಪನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆ ಕಾರು ಯಾವ ವರ್ಷದ್ದು ಗೊತ್ತಾ? 1963. ಲಾರ್ಟೀಗ್ ಪ್ರದರ್ಶನ ಆದ ವರ್ಷ!

ಈ ಕಾರಿನಲ್ಲಿ ಸಪಾಟಾದ ಜಾಗ ಹುಡುಕಿದರೂ ಸಿಗಲ್ಲ. ಅದೇ ಫೋಟೋದವರ ಕಷ್ಟ. ಸ್ಟೀಲ್ ಚೊಂಬಿನಲ್ಲಿ ಮುಖ ನೋಡಿಕೊಂಡಿದ್ದೀರಲ್ಲ? ಮುಖದ ಜೊತೆ ಇಡೀ ಅಡುಗೆಮನೆ ಅದರಲ್ಲಿ ಇರುತ್ತದೆ. ಉಬ್ಬಿದ ಬಾನೆಟ್ಟೂ ಹಾಗೇ. ನಿಮ್ಮ ಹಿಂದಿನ ಗೋಡೆ, ತಲೆ ಮೇಲಿನ ವೈರು, ನಿಮ್ಮ ಹಳದಿ ಟೀ ಶರ್ಟು, ಎಲ್ಲ ಒಳಗೆ. ಹಾಗಾಗಿ ಕ್ಯಾಮೆರಾ ತೆಗೆಯುವ ಮೊದಲು ಕಾರಿಗೆ ಬೆನ್ನು ಹಾಕಿ ನಿಲ್ಲಿ. ಕಾರಿಗೆ ಏನು ಕಾಣುತ್ತಿದೆ ನೋಡಿ. ಅದು ಚೆಂದ ಇಲ್ಲದಿದ್ದರೆ ಕಾರನ್ನು ನಾಲ್ಕು ಅಡಿ ಸರಿಸಿ. ಅಷ್ಟರಿಂದ ಎರಡು ಗಂಟೆ ಎಡಿಟಿಂಗ್ ಉಳಿಯುತ್ತದೆ. ಕಪ್ಪು ಅಂಗಿ ಹಾಕಿಕೊಳ್ಳಿ, ಮದುವೆ ಮನೆ ಅಲ್ಲ ಅದು.

ಎತ್ತರದ ಬಗ್ಗೆಯೂ ಹೇಳಿಬಿಡುತ್ತೇನೆ. ಇ-ಟೈಪಿನ ಎತ್ತರ ಸುಮಾರು 1.22 ಮೀಟರ್, ಉದ್ದ ಸುಮಾರು 4.45 ಮೀಟರ್. ನಿಂತುಕೊಂಡು ತೆಗೆದರೆ ನೀವು ಅದರ ನೆತ್ತಿ ನೋಡುತ್ತೀರಿ. ಮಂಡಿ ಊರಿ, ಹೆಡ್‌ಲೈಟಿನ ಮಟ್ಟಕ್ಕೆ ಬನ್ನಿ. ವೈಡ್ ಲೆನ್ಸ್ ಹಾಕಿ ಹತ್ತಿರ ಹೋದರೆ ಮೊದಲೇ ಉದ್ದ ಇರುವ ಮೂತಿ ಇನ್ನೂ ಊದಿಕೊಳ್ಳುತ್ತದೆ. ದೂರ ಹೋಗಿ 85 ಅಥವಾ 135 ಮಿ.ಮೀ. ಲೆನ್ಸಿನಲ್ಲಿ ತೆಗೆಯಿರಿ. ಮುಂದಿನ ಚಕ್ರ ತಿರುಗಿಸಿದ್ದರೆ ಕ್ಯಾಮೆರಾ ಕಡೆ ರಿಮ್ ಕಾಣಲಿ, ಟೈರಿನ ಪಟ್ಟೆ ಬೇಡ. 72 ಕಡ್ಡಿಯ ವೈರ್ ವೀಲ್ ಅದು, ಬಚ್ಚಿಡೋಕೆ ಮಾಡಿದ್ದಲ್ಲ.

ಹೊಳಪು ತಗ್ಗಿಸುವ ಫಿಲ್ಟರ್, ಅಂದರೆ ಪೋಲರೈಸರ್, ಬಹಳ ಜನ ತಂದಿದ್ದೀರಿ. ಆದರೆ ತಿರುಗಿಸಿ ತಿರುಗಿಸಿ ಎಲ್ಲ ಪ್ರತಿಬಿಂಬ ತೆಗೆದುಹಾಕುತ್ತೀರಿ. ಪ್ರತಿಬಿಂಬವೇ ಹೋದರೆ ಸೇಯರ್ ಎಳೆದ ಉಬ್ಬು ಕಾಣೋದು ಹೇಗೆ? ಬರೀ ಬಣ್ಣದ ಮುದ್ದೆ ಉಳಿಯುತ್ತದೆ. ಇನ್ನೊಂದು, ಬಾನೆಟ್, ಬಾಗಿಲು, ಗಾಜು ಒಂದೊಂದೂ ಒಂದೊಂದು ಕೋನದಲ್ಲಿವೆ. ಒಂದಕ್ಕೆ ಸರಿ ಮಾಡಿದರೆ ಇನ್ನೊಂದು ಕೆಡುತ್ತದೆ. ಟ್ರೈಪಾಡ್ ಇಟ್ಟು ಫಿಲ್ಟರನ್ನು ಬೇರೆ ಬೇರೆ ಕಡೆ ತಿರುಗಿಸಿ ಮೂರ್ನಾಲ್ಕು ಫ್ರೇಮ್ ತೆಗೆಯಿರಿ. ಆಮೇಲೆ ಅವನ್ನು ಒಂದರ ಮೇಲೊಂದು ಲೇಯರ್ ಮಾಡಿ, ಬೇಡದ ಭಾಗ ಮರೆಮಾಡೋಕೆ ಮಾಸ್ಕ್ ಹಾಕಿ, ಬೇಕಾದ ಕಡೆ ಬೇಕಾದಷ್ಟು ಉಳಿಸಿ. ಕ್ರೋಮ್ ಬಂಪರ್ ಮೇಲೆ ಮಾತ್ರ ಫಿಲ್ಟರ್ ಆಟ ನಡೆಯಲ್ಲ. ಬಣ್ಣ, ಗಾಜಿನ ಮೇಲಿನ ಹೊಳಪನ್ನು ಅದು ಕಡಿಮೆ ಮಾಡುತ್ತದೆ, ಬರೀ ಲೋಹದ ಹೊಳಪನ್ನಲ್ಲ. ಬಂಪರಿನಲ್ಲಿ ಕೂತಿರುವ ನಿಮ್ಮನ್ನು ನೀವೇ ಅಳಿಸಿಕೊಳ್ಳಬೇಕು.

ಅಳಿಸುವಾಗ ಹುಷಾರು. 1961ರ ಮೊದಲ ಸುಮಾರು 500 ಇ-ಟೈಪ್‌ಗಳಲ್ಲಿ ಬಾನೆಟ್ ಬೀಗ ಹೊರಗಡೆ ಇತ್ತು. ಮುಂದಿನ ಚಕ್ರದ ಹಿಂದೆ, ಪಕ್ಕದಲ್ಲಿ, ಒಂದು ಸಣ್ಣ ರಂಧ್ರ, ಅದಕ್ಕೊಂದು ಕೀಲಿ. ಗೊತ್ತಿಲ್ಲದವರು ಅದನ್ನು ಕಲೆ ಅಂದುಕೊಂಡು ಪಕ್ಕದ ಬಣ್ಣ ಕ್ಲೋನ್ ಮಾಡಿ, ಅಂದರೆ ನಕಲು ಮಾಡಿ, ಒರೆಸಿಬಿಡುತ್ತಾರೆ. ಮಾಲೀಕ ಅದಕ್ಕಾಗಿಯೇ ದುಡ್ಡು ಸುರಿದಿರುತ್ತಾನೆ! ಮೈ ಮೇಲಿನ ಸಣ್ಣ ಅಲೆ, ಜೋಡಣೆಯ ಸಂದು, ಇವನ್ನೂ ನಯ ಮಾಡಬೇಡಿ. ಹಳೇ ಕಾರನ್ನು ಜನ ಕೈಯಲ್ಲಿ ಜೋಡಿಸಿದ್ದು. ಪೂರ್ತಿ ಉಜ್ಜಿದರೆ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಕಾರು ಆಗುತ್ತದೆ.

ಈಗ ವೇಗ. ನಿಮ್ಮಲ್ಲಿ ಅರ್ಧ ಜನ ನಿಂತ ಕಾರಿಗೆ ಕಂಪ್ಯೂಟರಿನಲ್ಲಿ ವೇಗ ಕೊಟ್ಟಿದ್ದೀರಿ. ಹಿಂದಿನ ಮರಗಳಿಗೆ ಮೋಷನ್ ಬ್ಲರ್ ಅಂದರೆ ಓಟದ ಮಸುಕು, ಚಕ್ರಕ್ಕೆ ಸುತ್ತುವ ಬ್ಲರ್. ಆದರೆ ಬಾಗಿಲ ಮೇಲಿನ ಮರದ ಪ್ರತಿಬಿಂಬ ಎಲೆ ಎಲೆ ಎಣಿಸುವ ಹಾಗಿದೆ. ಮರ ಓಡುತ್ತಿದೆ, ಅದರ ಪ್ರತಿಬಿಂಬ ನಿಂತಿದೆ. ಮತ್ತೆ ಅದೇ ಮಾತು, ಬಾನೆಟ್ ಸಾಕ್ಷಿ. ಹತ್ತಿರದ ಕಲ್ಲಿಗೂ ದೂರದ ಬೆಟ್ಟಕ್ಕೂ ಒಂದೇ ಅಳತೆಯ ಬ್ಲರ್ ಬೇರೆ. ರೈಲು ಕಿಟಕಿಯಲ್ಲಿ ಕೂತವರಿಗೆ ಗೊತ್ತು, ಹತ್ತಿರದ್ದು ಓಡುತ್ತದೆ, ಬೆಟ್ಟ ಜೊತೆಗೇ ಬರುತ್ತದೆ.

ಓಡುವ ಕಾರು ಸಿಕ್ಕರೆ ಪ್ಯಾನಿಂಗ್ ಮಾಡಿ, ಅಂದರೆ ಲಾರ್ಟೀಗ್ ಥರ ಕ್ಯಾಮೆರಾವನ್ನು ಕಾರಿನ ಜೊತೆ ತಿರುಗಿಸುತ್ತ ತೆಗೆಯಿರಿ. ಸಣ್ಣ ಲೆಕ್ಕ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಶಟರ್ 1/60 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಕಾರು 28 ಸೆಂ.ಮೀ. ಹೋಗುತ್ತದೆ. ಚಕ್ರದ ಸುತ್ತಳತೆ ಎರಡು ಮೀಟರ್ ಇದ್ದರೆ ಅದು ಏಳನೇ ಒಂದು ಸುತ್ತು ತಿರುಗಿತು. 72 ಕಡ್ಡಿಗಳೂ ಕರಗಿ ಬೆಳ್ಳಿ ತಟ್ಟೆ ಆಗುತ್ತವೆ. ಅದೇ 1/1000ದಲ್ಲಿ ತೆಗೆದರೆ ಎರಡು ಸೆಂ.ಮೀ. ಕೂಡ ಹೋಗಲ್ಲ. ಕಡ್ಡಿ ಕಡ್ಡಿ ಕಾಣುತ್ತದೆ, ನಡುರಸ್ತೆಯಲ್ಲಿ ಪಾರ್ಕ್ ಮಾಡಿದ ಹಾಗೆ.

ಓಡಿಸೋಕೆ ಮಾಲೀಕರು ಒಪ್ಪದಿದ್ದರೆ ಇನ್ನೊಂದು ದಾರಿ ಇದೆ, ನನಗೆ ಬಲು ಇಷ್ಟ. ಕಾರಿಗೆ ರಬ್ಬರಿನ ಸಕ್ಷನ್ ಕಪ್ ಅಂಟಿಸಿ ಉದ್ದದ ಕಂಬಿ ಬಿಗಿದು, ಅದರ ತುದಿಯಲ್ಲಿ ಕ್ಯಾಮೆರಾ. ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಇಬ್ಬರು ಹಿಂದಿನಿಂದ ನಿಧಾನಕ್ಕೆ ತಳ್ಳುತ್ತಾರೆ. ಎರಡು ಮೂರು ಸೆಕೆಂಡು ಶಟರ್ ತೆರೆದಿಟ್ಟ ಎಕ್ಸ್‌ಪೋಷರ್. ಕಾರು ನಡಿಗೆಯ ವೇಗದಲ್ಲಿದೆ, ಚಿತ್ರದಲ್ಲಿ ನೂರು ಕಿ.ಮೀ. ವೇಗ! ಕಂಬಿಯನ್ನು ಆಮೇಲೆ ಫೋಟೋಶಾಪಿನಲ್ಲಿ ಅಳಿಸುತ್ತೀರಿ. ಇದು ಮೋಸ ಅಲ್ವಾ ಅಂತ ಕೇಳುತ್ತಾರೆ. ವೇಗ ಉತ್ಪ್ರೇಕ್ಷೆ, ಒಪ್ಪಿದೆ. ಆದರೆ ಕಾರು ನಿಜವಾಗಿ ಚಲಿಸಿತು. ಹತ್ತಿರದ್ದು ಜಾಸ್ತಿ ಎಳೆದಿದೆ, ದೂರದ್ದು ಕಡಿಮೆ. ಬಾಗಿಲ ಮೇಲಿನ ಮರವೂ ಗೆರೆ ಗೆರೆಯಾಗಿ ಹರಿದಿದೆ. ಕಾರಣ ಇದೆ. ಕಪ್ ಅಂಟಿಸುವ ಮೊದಲು ಮಾಲೀಕರನ್ನು ಕೇಳಿ, ಹಳೇ ಬಣ್ಣ ಸಿಪ್ಪೆ ಸುಲಿದು ಬಂದರೆ ನನ್ನ ಹೆಸರು ಹೇಳಬೇಡಿ.

ಹತ್ತು ನಿಮಿಷ ಅಂತ ಚೀಟಿ ಬಂತು. ಕಾರ್ಯದರ್ಶಿಗಳ ಅಕ್ಷರ ಮುದ್ದಾಗಿದೆ. ಬೇಗ ಹೇಳುತ್ತೇನೆ.

ಕಪ್ಪು ಬಿಳುಪು. ಇದು ಮುಖ್ಯ, ಬಿಡೋಕಾಗಲ್ಲ. ಹಳೇ ಕಾರು ಅಂದ ತಕ್ಷಣ ಎಲ್ಲದಕ್ಕೂ ಕಂದು ಬಣ್ಣ ಬಳಿಯುತ್ತೀರಿ. ಹಳೆಯ ಕಾಲದ ಆರ್ಥೋಕ್ರೋಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಇಟಲಿಯ ಕೆಂಪು ರೇಸ್ ಕಾರು ಅದರಲ್ಲಿ ಕಪ್ಪಗೆ ಬರುತ್ತಿತ್ತು. ಫ್ರಾನ್ಸಿನ ನೀಲಿ ಕಾರು ತೆಳುವಾಗಿ, ಆಕಾಶ ಬೆಳ್ಳಗೆ. ನಿಮಗೆ ಇಪ್ಪತ್ತರ ದಶಕದ ಕಾರಿಗೆ ಆ ರೂಪ ಬೇಕಾ? ಕೆಂಪಿನ ಸ್ಲೈಡರ್ ಕೆಳಗೆ ಇಳಿಸಿ, ನೀಲಿ ಏರಿಸಿ. ಇ-ಟೈಪಿಗೆ ಮಾತ್ರ ಇದನ್ನು ಮಾಡಬೇಡಿ. ಅದು ಬಂದ 1961ರಲ್ಲೇ ಕೊಡಾಕ್ರೋಮ್ 2 ಅನ್ನುವ ಕಲರ್ ಫಿಲ್ಮ್ ಬಂತು, ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಬರೀ 25. ಅದಕ್ಕೆ ಗಾಢ ಬಣ್ಣ, ಗಟ್ಟಿ ನೆರಳು ಕೊಡಿ. ಅಜ್ಜನ ಮದುವೆ ಫೋಟೋ ಮಾಡಬೇಡಿ.

ಕೆಂಪು ಕಾರು ತೆಗೆಯುವಾಗ ಹಿಸ್ಟೋಗ್ರಾಮಿನಲ್ಲಿ, ಅಂದರೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಲ್ಲಿ, ಕೆಂಪು ಚಾನೆಲ್ ಬೇರೆಯಾಗಿ ನೋಡಿ. ಒಟ್ಟು ಬೆಳಕು ಸರಿ ಇದ್ದರೂ ಕೆಂಪು ಸುಟ್ಟುಹೋಗಿರುತ್ತದೆ. ಸ್ವಲ್ಪ ಕಡಿಮೆ ಎಕ್ಸ್‌ಪೋಷರ್, ರಾ ಫೈಲ್, ಅಂದರೆ ಕ್ಯಾಮೆರಾ ಸಂಸ್ಕರಿಸದ ಫೈಲ್. ಮುಂದಕ್ಕೆ.

ಲೈಟ್ ಪೇಂಟಿಂಗ್, ಅಂದರೆ ಕತ್ತಲಲ್ಲಿ ದೀಪ ಆಡಿಸಿ ಕಾರಿಗೆ ಬೆಳಕು ಬಳಿಯುವುದು. ಕತ್ತಲು, ಟ್ರೈಪಾಡ್, ಲೆನ್ಸಿನ ಕಿಂಡಿ ಎಫ್ 8, ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100, ಇಪ್ಪತ್ತು ಸೆಕೆಂಡ್. ಎಲ್‌ಇಡಿ ಕೋಲು ಹಿಡಿದು ಕಾರಿನ ಪಕ್ಕ ಒಂದೇ ವೇಗದಲ್ಲಿ ನಡೆಯಿರಿ. ಒಂದು ಫ್ರೇಮಿಗೆ ಛಾವಣಿ, ಒಂದಕ್ಕೆ ಪಕ್ಕ, ಒಂದಕ್ಕೆ ಚಕ್ರ. ಲೇಯರ್‌ಗಳನ್ನು ಬೆಳಕಿರುವ ಭಾಗವನ್ನಷ್ಟೇ ಉಳಿಸುವ ಲೈಟನ್ ಮೋಡಿನಲ್ಲಿ ಸೇರಿಸಿ. ನಡೆಯುವಾಗ ನಿಂತರೆ ಬೆಳಕಿನ ಗೆರೆ ಗಂಟು ಕಟ್ಟುತ್ತದೆ, ಆ ಗಂಟನ್ನು ಬಾನೆಟ್... ನೀವೇ ಹೇಳಿಬಿಟ್ಟಿರಿ, ಥ್ಯಾಂಕ್ಸ್.

ರೇಸ್ ಫೋಟೋಗ್ರಾಫರ್ ಲೂಯಿ ಕ್ಲೆಮಂಟಾಸ್ಕಿ ಬಗ್ಗೆ ಅರ್ಧ ಗಂಟೆ ಹೇಳಬೇಕು ಅಂದುಕೊಂಡಿದ್ದೆ. ಎರಡೇ ಮಾತು. 1957ರಲ್ಲಿ ಇಟಲಿಯ ರಸ್ತೆಗಳಲ್ಲಿ ನಡೆದ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ಪೀಟರ್ ಕಾಲಿನ್ಸ್ ಓಡಿಸುತ್ತಿದ್ದ ಫೆರಾರಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತ ಫೋಟೋನೂ ತೆಗೆದ ಮನುಷ್ಯ. ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದರು, ಪಾರ್ಮಾ ಹತ್ತಿರ ಕಾರು ಕೈಕೊಟ್ಟಿತು. ಫೋಟೋ ಉಳಿದವು. ಹುಡುಕಿ ನೋಡಿ.

ಎಐ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಬೆಟ್ಟ ಬೇಕಾದರೆ ಮಾಡಿಸಿಕೊಳ್ಳಿ. ಆ ಬೆಟ್ಟದ ಬೆಳಕನ್ನು ಕಾರಿನ ಮೈಗೆ ತರುವ ಕೆಲಸ ನಿಮ್ಮದೇ. ಅದಕ್ಕಿಂತ ಸುಲಭ, ಮೋಡ ಮುಚ್ಚಿದ ದಿನ ಬಯಲಿನಲ್ಲಿ ಕಾರು ನಿಲ್ಲಿಸಿ ತೆಗೆಯುವುದು. ನಮ್ಮ ಮಳೆಗಾಲದ ಆಕಾಶಕ್ಕಿಂತ ದೊಡ್ಡದಾದ, ಬೆಳಕನ್ನು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸ್ ಯಾವ ಅಂಗಡಿಯಲ್ಲೂ ಸಿಗಲ್ಲ.

ಇಲ್ಲಿ ಇ-ಟೈಪ್ ಸಿಗೋದು ಕಷ್ಟ. ಎಂ.ಜಿ., ಟ್ರಯಂಫ್ ಥರದ ಹಳೇ ಬ್ರಿಟಿಷ್ ಕಾರುಗಳು ಸಿಗುತ್ತವೆ. ಒಂದು ಎಂ.ಜಿ. ಈಗ ಅಂಗಳದಲ್ಲಿದೆ, ಮಾಲೀಕರು ಹಿಂದಿನ ಸಾಲಿನಲ್ಲಿ ಕೈಗಡಿಯಾರ ನೋಡುತ್ತಿದ್ದಾರೆ. ಸೂರ್ಯ ಮುಳುಗಿದ ಮೇಲೆ ನಮ್ಮ ಕಡೆ ಒಳ್ಳೇ ಬೆಳಕು ಬೇಗ ಹೋಗಿಬಿಡುತ್ತದೆ, ಯುರೋಪಿನಷ್ಟು ಹೊತ್ತು ಇರಲ್ಲ. ಹಾಗಾಗಿ ಪ್ರಶ್ನೆಗಳನ್ನು ಅಲ್ಲೇ ಕೇಳಿ. ಟ್ರೈಪಾಡ್, ಪೋಲರೈಸರ್ ಇರುವವರು ಮುಂದೆ ನಡೆಯಿರಿ, ಇಲ್ಲದವರು ತಳ್ಳೋಕೆ ಬನ್ನಿ.