ಬಿಳಿ ನೊಣ ಹೆಚ್ಚೋದು ಯಾಕೆ?

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಕನ್ನಡದವರು ಸೇರಿದರೆ ಹಾಡು, ಹಬ್ಬ, ಊಟ ಇರುತ್ತೆ, ಇವತ್ತು ಹುಳದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ, ಖುಷಿಯಾಯಿತು. ಕೋಥ್ರೂಡ್‌ನ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟವರೂ ಇಲ್ಲಿದ್ದೀರಿ, ನಾರಾಯಣಗಾಂವ್ ಕಡೆ ಟೊಮೆಟೊ ಮಾಡಿಸುವವರೂ ಇದ್ದೀರಿ. ಇಬ್ಬರದ್ದೂ ಒಂದೇ ದೂರು: ಎಷ್ಟು ಔಷಧಿ ಹೊಡೆದರೂ ಬಿಳಿ ನೊಣ ಮತ್ತೆ ಬರುತ್ತೆ. ನಾನು ಹೇಳೋದು ಸ್ವಲ್ಪ ಕಹಿ. ಎಷ್ಟೋ ಸಲ ಔಷಧಿ ಹೊಡೆದಿದ್ದಕ್ಕೇ ಬರುತ್ತೆ.

ಹೆಸರಿಗೆ ನೊಣ ಅಷ್ಟೇ, ಇದು ಗಿಡದ ಹೇನು, ಹಿಟ್ಟು ತಿಗಣೆಗಳ ನೆಂಟ. ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತೆ. ಮೊಟ್ಟೆಯಿಂದ ಬಂದ ಮರಿ ಸ್ವಲ್ಪ ತೆವಳಿ ಒಂದು ಕಡೆ ಅಂಟಿಕೊಂಡರೆ ಮುಗೀತು, ರೆಕ್ಕೆ ಬರುವವರೆಗೂ ಅಲ್ಲಿಂದ ಕದಲೋದಿಲ್ಲ. ಗಿಡ ಅಲ್ಲಾಡಿಸಿದಾಗ ಬುರ್ ಅಂತ ಏಳುವ ಬಿಳಿ ಪುಡಿ ನೋಡಿ ನಾವು ಗಾಬರಿಯಾಗುತ್ತೇವೆ, ಆದರೆ ಅದಕ್ಕಿಂತ ಜಾಸ್ತಿ ಸೈನ್ಯ ಎಲೆಯ ಕೆಳಗೆ ಸುಮ್ನೆ ಕೂತಿರುತ್ತೆ. ಮೇಲಿಂದ ಹೊಡೆದ ಔಷಧಿ ಅದಕ್ಕೆ ತಾಗೋದೇ ಇಲ್ಲ.

ಮೊದಲು ಹವಾಮಾನ. 25ರಿಂದ 30 ಡಿಗ್ರಿ ಸೆಖೆ ಇದ್ದರೆ ಮೊಟ್ಟೆಯಿಂದ ನೊಣ ಆಗೋಕೆ ಸುಮಾರು ಮೂರು ವಾರ ಸಾಕು. ಪುಣೆಯ ಡಿಸೆಂಬರ್ ಚಳಿಯಲ್ಲಿ ಅದೇ ಕೆಲಸ ನಿಧಾನವಾಗುತ್ತೆ. ಜೋರು ಮಳೆ ಬಂದರೆ ನೊಣಗಳು ಹೊಡೆತಕ್ಕೆ ಸಿಕ್ಕಿ ಉದುರುತ್ತವೆ. ಆಮೇಲೆ ಅಕ್ಟೋಬರ್‌ನಲ್ಲಿ ಮಳೆ ನಿಂತು ಬಿಸಿಲು ಬಿತ್ತು ಅನ್ನಿ, ಮತ್ತೆ ಶುರು. ಹಾಗಾದರೆ ಜುಲೈನಲ್ಲೂ ನಮ್ಮ ದಾಸವಾಳದಲ್ಲಿ ಯಾಕೆ ಇರುತ್ತೆ ಅಂತ ಕೇಳಬಹುದು. ನಿಮ್ಮ ಬಾಲ್ಕನಿಗೆ ಸೂರು ಇದೆ, ಅಲ್ವಾ? ಮಳೆ ಬೀಳೋದಿಲ್ಲ, ಗಾಳಿ ಕಡಿಮೆ, ಬೆಚ್ಚಗಿರುತ್ತೆ. ತಳೇಗಾಂವ್ ಪಾಲಿಹೌಸ್‌ಗಳಲ್ಲಿ ಜರ್ಬೆರಾ ಹೂ ಬೆಳೆಯುವವರ ಪಾಡೂ ಇದೇ.

ಎರಡನೆಯದು ಯೂರಿಯಾ. ಗಿಡ ಹಸಿರಾಗಿ ಸೊಂಪಾಗಿ ಕಂಡರೆ ನಮಗೆ ಸಂತೋಷ, ನೊಣಕ್ಕೆ ಇನ್ನೂ ಸಂತೋಷ. ಸಾರಜನಕ ಜಾಸ್ತಿಯಾದ ಎಳೆ ಎಲೆಯೇ ಅದಕ್ಕೆ ಬೇಕು. ಎಲೆಯ ಜಾತಿಯೂ ಲೆಕ್ಕಕ್ಕೆ ಬರುತ್ತೆ. ಹತ್ತಿಯಲ್ಲಿ ಕೂದಲು ಜಾಸ್ತಿ ಇರುವ ಎಲೆ ಜಿಗಿ ಹುಳುವನ್ನು ದೂರ ಇಡುತ್ತೆ, ಬಿಳಿ ನೊಣಕ್ಕೆ ಮಾತ್ರ ಅದೇ ಹಾಸಿಗೆ. ಒಂದನ್ನು ತಪ್ಪಿಸೋಕೆ ಹೋಗಿ ಇನ್ನೊಂದನ್ನು ಕರೆದ ಹಾಗೆ. ಬಿಟಿ ಹತ್ತಿ ಅಂದರೆ ವಂಶವಾಹಿ ಬದಲಿಸಿದ ಹತ್ತಿ, ಅದು ಕಾಯಿಕೊರಕ ಹುಳುವನ್ನು ತಡೆಯೋಕೆ ಬಂದಿದ್ದು, ರಸ ಹೀರುವ ಕೀಟಕ್ಕೆ ಅದರಿಂದ ಏನೂ ಆಗಲ್ಲ. 2015ರಲ್ಲಿ ಪಂಜಾಬಿನ ಹತ್ತಿಯನ್ನು ನೆಲಕಚ್ಚಿಸಿದ್ದು ಇದೇ ನೊಣ.

ಈಗ ಔಷಧಿ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದು ಎಲೆ ಕಿತ್ತು, ತಿರುಗಿಸಿ, ಲೆನ್ಸ್ ಹಿಡಿದು ನೋಡಿ. ಖಾಲಿ ಸಿಪ್ಪೆಗಳು ಕಾಣುತ್ತವೆ. ಸಿಪ್ಪೆಯ ಮೇಲೆ ಇಂಗ್ಲಿಷ್ ಟಿ ಅಕ್ಷರದ ಥರ ಸೀಳಿದ್ದರೆ ಅದರೊಳಗಿಂದ ಬಿಳಿ ನೊಣ ಹೊರಬಂದಿದೆ. ದುಂಡನೆಯ ತೂತಿದ್ದರೆ ಬಂದಿದ್ದು ನೊಣ ಅಲ್ಲ, ಅದನ್ನು ಒಳಗಿಂದಲೇ ತಿಂದು ಮುಗಿಸಿದ ಒಂದು ಚಿಕ್ಕ ಕಣಜ. ದುಂಡು ತೂತು ಜಾಸ್ತಿ ಕಂಡರೆ ಪಂಪು ಕೆಳಗಿಡಿ. ಪೈರೆಥ್ರಾಯ್ಡ್ ಥರದ, ಸಿಕ್ಕ ಹುಳವನ್ನೆಲ್ಲ ಕೊಲ್ಲುವ ಔಷಧಿ ಹೊಡೆದರೆ ಮೊದಲು ಸಾಯೋದು ಈ ಕಣಜ, ನೊಣ ತಿನ್ನುವ ಗುಲಗಂಜಿ ಹುಳು. ನೊಣದಲ್ಲಿ ಕೆಲವು ಬದುಕುತ್ತವೆ, ಅವುಗಳ ಮಕ್ಕಳಿಗೆ ಆ ಔಷಧಿ ತಟ್ಟೋದಿಲ್ಲ, ತಿನ್ನುವವರೂ ಇಲ್ಲ. ಅಂಗಡಿಯವರು ಇನ್ನೂ ಜೋರಿನ ಬಾಟಲಿ ಕೊಡುತ್ತಾರೆ. ತೀರಾ ಬೇಕಾದರೆ ಬೇವಿನೆಣ್ಣೆಗೆ ಸ್ವಲ್ಪ ಸೋಪು ಬೆರೆಸಿ, ಸಂಜೆ ಹೊತ್ತು ಎಲೆಯ ಅಡಿಗೆ ಹೊಡೆಯಿರಿ.

ಟೊಮೆಟೊ, ಬೆಂಡೆಯ ಲೆಕ್ಕ ಬೇರೆ. ಅಲ್ಲಿ ರಸ ಹೀರೋದಕ್ಕಿಂತ ವೈರಸ್ ತರೋದು ದೊಡ್ಡ ತೊಂದರೆ. ಟೊಮೆಟೊದಲ್ಲಿ ಎಲೆ ಮುಟುರು, ಬೆಂಡೆಯಲ್ಲಿ ಹಳದಿ ನಂಜು. ಕೆಲವೇ ನೊಣ ಸಾಕು, ರೋಗ ಹರಡುತ್ತೆ. ಅದಕ್ಕೇ ಸಸಿ ಮಡಿಯಲ್ಲೇ ನೈಲಾನ್ ಪರದೆ ಕಟ್ಟಬೇಕು, ಹೊಲದ ಸುತ್ತ ಜೋಳ ಹಾಕಬೇಕು, ಬದುವಿನ ಕಳೆ ತೆಗೆಯಬೇಕು. ಹಳೇ ಬೆಳೆಯ ಪಕ್ಕದಲ್ಲೇ ಹೊಸ ಸಸಿ ನೆಟ್ಟರೆ ನೊಣಕ್ಕೆ ನೀವೇ ಮನೆ ಬದಲಿಸಿ ಕೊಟ್ಟ ಹಾಗಾಗುತ್ತೆ. ಹಳದಿ ಅಂಟು ಹಾಳೆ ಕಟ್ಟಿ, ಆದರೆ ಅದು ಎಷ್ಟು ಬಂದಿವೆ ಅಂತ ತಿಳಿಯೋಕೆ ಹೆಚ್ಚು ಉಪಯೋಗ, ಮುಗಿಸೋಕೆ ಅಲ್ಲ.

ಕೊನೆಗೆ, ಕರಾವಳಿಯಲ್ಲಿ ತೋಟ ಇರುವವರಿಗೆ. ತೆಂಗಿನ ಗರಿಯ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೇಣ, ಕೆಳಗಿನ ಗರಿಯ ಮೇಲೆ ಮಸಿಯಂಥ ಬೂಷ್ಟು ಕಂಡರೆ ಅದು ಬೇರೆ ಜಾತಿಯ ಬಿಳಿ ನೊಣ. ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆ. ಮರ ಸಾಯುತ್ತೆ ಅಂತ ಹೆದರಿ ಕೀಟನಾಶಕ ಹೊಡೆಸಬೇಡಿ. ಅದನ್ನೂ ತಿನ್ನುವ ಕಣಜ ತಾನಾಗೇ ಬರುತ್ತೆ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರ ಸಲಹೆಯೂ ಅದೇ. ಮಸಿ ಉದುರಿಸೋಕೆ ಗರಿಯ ಮೇಲೆ ಶೇ. 1ರ ಗಂಜಿ (ಸ್ಟಾರ್ಚ್) ನೀರು ಹೊಡೆದರೆ ಆಯಿತು. ಒಣಗಿ ಸಿಪ್ಪೆಯ ಥರ ಎದ್ದು ಬರುತ್ತೆ.

ಇನ್ನು ನೀವು ಕೇಳಿ.